ಗೀಚಿದ ಕಾರ್ಡುಗಳು

ಗಂಡ ಕರ್ಟ್ ಸತ್ತ ಮೇಲೆ ಅವನಿಗಾಗಿ ಮಾಡಬಹುದಾದ ಕೆಲಸ ಗ್ರೇಟಾಳಿಗೆ ಒಂದೇ ಉಳಿದಿತ್ತು. ತಮ್ಮ ಊರು ಮಿಲ್ವಾಕಿಯ ಬ್ರೂವರ್ಸ್ ತಂಡದ, ಆಟಗಾರರ ಚಿತ್ರವಿರುವ ಎಂಬತ್ತರ ದಶಕದ ಬೇಸ್‌ಬಾಲ್ ಕಾರ್ಡುಗಳನ್ನು ಅವನು ಹುಡುಗನಾಗಿದ್ದಾಗಿನಿಂದ ಕೂಡಿಸಿಟ್ಟಿದ್ದ. ಆ ಆಲ್ಬಮ್ಮಿನಲ್ಲಿ ಒಂದು ಖಾನೆ ಮಾತ್ರ ಖಾಲಿ. ಅದನ್ನು ತುಂಬಿಸಿಬಿಡಬೇಕೆಂದು ಅವಳು ಆಲ್ಬಮ್ಮನ್ನು ನಾರ್ಬ್‌ನ ಕಾರ್ಡಂಗಡಿಯಲ್ಲಿ ಬಿಟ್ಟು ಬಂದಿದ್ದಳು. ಕರ್ಟ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಗೆಳೆಯರಲ್ಲಿ ನಾರ್ಬ್ ಒಬ್ಬ.

ಶುಕ್ರವಾರ ಅವನೇ ಫೋನ್ ಮಾಡಿ ಕರೆದ. ಅವಳು ಹೋದಾಗ ಕೌಂಟರಿನ ಹಿಂದೆ ಕೂತು ಕರಿದ ಮೀನು ತಿನ್ನುತ್ತಿದ್ದ.

“ಬಾರಮ್ಮ ಬಾ. ಕೈ ಒರೆಸ್ಕೋತೀನಿ ಇರು. ಜಿಡ್ಡು ಕೈಲಿ ಮುಟ್ಟಿದ್ರೆ ನಿನ್ನ ಗಂಡ ಗೋರಿಯಿಂದ ಎದ್ದು ಬಂದು ಒದೀತಾನೆ.”

ಗ್ರೇಟಾ ನಗಲಿಲ್ಲ. ನಾರ್ಬ್ ಆಲ್ಬಮ್ ತೆರೆದು ಅವಳತ್ತ ತಿರುಗಿಸಿದ. ಖಾಲಿ ಖಾನೆ ತುಂಬಿತ್ತು. ಅವಳು ಹಾಳೆ ತಿರುವಿದಳು. ಎಲ್ಲ ಕಾರ್ಡೂ ಹೊಳೆಯುತ್ತಿದ್ದವು.

“ಇದರ ಮೇಲೆ ಬರೆದಿತ್ತಲ್ಲ, ನಾರ್ಬ್?”

ಆಟಗಾರನೊಬ್ಬ ಬೇರೆ ತಂಡಕ್ಕೆ ಹೋದರೆ, ಆಗಿನ ಮಕ್ಕಳು ಕಾರ್ಡಿನ ಮೇಲಿದ್ದ ತಂಡದ ಹೆಸರನ್ನು ಪೆನ್ನಿನಿಂದ ಹೊಡೆದುಹಾಕಿ ಪಕ್ಕದಲ್ಲಿ ಹೊಸ ತಂಡದ ಹೆಸರು ಬರೆಯುತ್ತಿದ್ದರು. ಕರ್ಟ್ ಕೂಡ ಬರೆದಿದ್ದ. ಹುಡುಗ ಕರ್ಟ್‌ನ ಕೈಬರಹ ಬೇರೆಲ್ಲೂ ಉಳಿದಿರಲಿಲ್ಲ.

“ಅದನ್ನೇ ಹೇಳೋಣ ಅಂತಿದ್ದೆ! ಗೀಚಿ ಹಾಳು ಮಾಡಿದ್ನಲ್ಲ ಪುಣ್ಯಾತ್ಮ, ಅವನ್ನೆಲ್ಲ ತೆಗೆದು ಒಳ್ಳೇವು ಹಾಕಿದೀನಿ. ಮೂಲೆ ನೋಡು, ಒಂಚೂರೂ ಸವೆದಿಲ್ಲ, ಕೈಗೆ ಚುಚ್ಚೋ ಹಾಗಿದೆ. ಎಲ್ಲ ನನ್ನ ಸ್ವಂತದ್ದು ಕಣಮ್ಮ. ಕಾಸು ಗೀಸು ಅಂದ್ರೆ ಬೈತೀನಿ.”

ಕಾರ್ಡು ಕೂಡಿಸುವವರಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದು ಗ್ರೇಟಾಳಿಗೂ ಗೊತ್ತಿತ್ತು.

“ಹಳೇವು ಎಲ್ಲಿ?”

“ಯಾವ್ದು, ಆ ಕಸಾನಾ?” ಅವಳ ಮುಖ ನೋಡಿ ಅವನ ದನಿ ಇಳಿಯಿತು. “ಅಲ್ಲಿ, ಕಿಟಕಿ ಕೆಳಗಿನ ಪೆಟ್ಟಿಗೆಲಿ. ಯಾರ್ಯಾರದೋ ಅಟ್ಟದಿಂದ ಬಂದದ್ದನ್ನೂ ಅದಕ್ಕೇ ಸುರೀತೀನಿ.”

ಅವಳು ನೆಲದ ಮೇಲೆ ಕೂತು ಪೆಟ್ಟಿಗೆ ಎಳೆದುಕೊಂಡಳು. ಗೀಚಿದ ಮೊದಲ ಕಾರ್ಡು ಸಿಕ್ಕ ಕೂಡಲೇ ಎತ್ತಿ ಬೆಳಕಿಗೆ ಹಿಡಿದಳು. ಅದರ ಕೆಳಗೆ ಅದೇ ಆಟಗಾರ, ಅದೇ ಅಡ್ಡಗೆರೆ, ಅದೇ ಹೊಸ ತಂಡ, ಅದೇ ನೀಲಿ ಶಾಯಿ. ಅದರ ಕೆಳಗೆ ಇನ್ನೊಂದು. ಮಿಲ್ವಾಕಿಯ ಹುಡುಗರೆಲ್ಲ ಒಂದೇ ಬೆಳಿಗ್ಗೆ ಒಂದೇ ಸುದ್ದಿ ಕೇಳಿ ಪೆನ್ನು ಹುಡುಕಿದ್ದರು.

ಕರ್ಟ್ ದೊಡ್ಡವನಾದ ಮೇಲಿನ ಅಕ್ಷರ ಅವಳು ಕಣ್ಣು ಮುಚ್ಚಿಯೂ ಕಾಣಬಲ್ಲಳು. ಹುಡುಗನ ಅಕ್ಷರ? ಅವನು ಎಷ್ಟೋ ಸಂಜೆ ಈ ಕಾರ್ಡುಗಳನ್ನು ಅವಳ ಮುಂದೆ ಹಿಡಿದಿದ್ದ. ಅವಳು ಟಿವಿಯಿಂದ ಕಣ್ಣು ಕೀಳದೆ “ಹ್ಞೂಂ, ಚೆನ್ನಾಗಿದೆ” ಅಂದಿದ್ದಳು.

ನಾರ್ಬ್ ಕಷ್ಟಪಟ್ಟು ಮಂಡಿಯೂರಿ ಕೂತ.

“ಇದಾ?”

“ಗೊತ್ತಿಲ್ಲ.”

“ಇದು ನೋಡು. ಈ ವಕ್ರ ಗೆರೆ ಅವನದೇ ಕಣಮ್ಮ, ಅವನು ಏನು ನೆಟ್ಟಗೆ ಎಳೆದಿದ್ದ ಹೇಳು?”

“ನಿನಗೆ ಗೊತ್ತಾ?”

ಅವನು ಕಾರ್ಡನ್ನು ಅವಳ ಕೈಗಿಟ್ಟ. “ಇಲ್ಲ. ಅಂದ್ಕೋ ಅಂತ ಹೇಳಿದೆ.”

“ಅಂದ್ಕೊಂಡ್ರೆ ಆಗಲ್ಲ ನಾರ್ಬ್.”

ಅವಳು ಆ ಕಾರ್ಡನ್ನು ಪೆಟ್ಟಿಗೆಯೊಳಕ್ಕೆ ಹಾಕಿದಳು. ಮರುಕ್ಷಣವೇ ಕೈ ಹಾಕಿ ಹುಡುಕಿದಳು. ಈಗಷ್ಟೇ ಬಿಟ್ಟದ್ದು ಯಾವುದೆಂದು ಅವಳಿಗೆ ಗುರುತು ಸಿಗಲಿಲ್ಲ.