ಕೊನೆಯ ಗಾಡಿಯ ಕೋಲು

ಕೋಲು ಇನ್ನೂ ಬಂದಿರಲಿಲ್ಲ.

ಗುಡುಗಮ್ಮ ಸೇತುವೆಯ ಬಾಯಲ್ಲಿ ಕಾಲು ಅಗಲಿಸಿ ನಿಂತಿದ್ದಳು. ಕೈಯಲ್ಲಿ ಉದ್ದ ಹಿಡಿಯ ದುಂಡು ಫಲಕ. ಅದರ ಒಂದು ಮುಖ ಕೆಂಪು, ಮೇಲೆ 'ನಿಲ್ಲಿ' ಎಂದು ಬರೆದಿತ್ತು. ಇನ್ನೊಂದು ಮುಖ ಹಸಿರು, ಅಲ್ಲಿ 'ನಿಧಾನ' ಎಂದಿತ್ತು. ಈಗ ಕೆಂಪು ಮುಖ ಗಾಡಿಗಳ ಕಡೆಗಿತ್ತು. ಸಾಲಿನ ಮೊದಲಿಗೆ ಹಾಲಿನ ಟ್ಯಾಂಕರು, ಅದರ ಬೆನ್ನಿಗೆ ಹಾಸಿಗೆ ಹೇರಿಕೊಂಡ ಗಾಡಿ, ಆಮೇಲೆ ಬಸ್ಸು, ಅದರ ಹಿಂದೆ ಟೋಲ್ ಗೇಟು ದಾಟಿ ಕಣ್ಣು ಹಾಯುವವರೆಗೂ ಬಿಸಿಲಿಗೆ ಮಿನುಗುವ ತಗಡು.

ಹಳೆಯ ಟೋಲ್ ಸೇತುವೆಯನ್ನು ಕೆಡವುತ್ತ, ಪಕ್ಕದಲ್ಲೇ ಹೊಸದನ್ನು ಎಬ್ಬಿಸುತ್ತಿದ್ದರು. ಹಳೆಯದರ ಅರ್ಧ ಅಗಲವನ್ನು ಆಗಲೇ ಕಿತ್ತಾಗಿತ್ತು. ಉಳಿದರ್ಧದಲ್ಲಿ ಒಂದು ಸಲಕ್ಕೆ ಒಂದು ಕಡೆಯ ಗಾಡಿಗಳು ಮಾತ್ರ ಹೋಗಬೇಕು. ಕಿತ್ತ ಬದಿಗೆ ತಡೆಗೋಡೆ ಇರಲಿಲ್ಲ. ಕಿತ್ತಳೆ ಬಣ್ಣದ ಕೋನುಗಳು, ಅವುಗಳ ನಡುವೆ ಜೋಲುವ ಪಟ್ಟಿ, ಅದರಾಚೆ ನೀರು. ಸೇತುವೆ ನಡುವೆ ಒಂಟೆಯ ಹಾಗೆ ಬೆನ್ನೆತ್ತಿದ್ದರಿಂದ ಈ ತುದಿಯವರಿಗೆ ಆ ತುದಿ ಕಾಣುತ್ತಿರಲಿಲ್ಲ.

ಕಾಣದ ಆ ತುದಿಯಲ್ಲಿ ಇಂಥದೇ ಇನ್ನೊಂದು ಫಲಕ ಹಿಡಿದು ನಿಂತವನು ಅವಳ ಬಾವ, ತೀರಿಕೊಂಡ ಅಕ್ಕನ ಗಂಡ.

ಅಕ್ಕ ಸತ್ತು ವರ್ಷ ತುಂಬುವ ಮೊದಲೇ ಬಾವ ಇನ್ನೊಂದು ಮದುವೆ ಮಾಡಿಕೊಂಡಿದ್ದ. ಮದುವೆಯ ದಿನವೇ ಗುಡುಗಮ್ಮ ಬಾಗಿಲಲ್ಲಿ ನಿಂತು, ಬಂದ ನೆಂಟರೆಲ್ಲ ತಟ್ಟೆ ಹಿಡಿದುಕೊಂಡು ನೋಡುತ್ತಿರುವಾಗ, ಬಾಯಿಗೆ ಬಂದದ್ದನ್ನೆಲ್ಲ ಅಂದಿದ್ದಳು. ಅವನೂ ಸುಮ್ಮನಿರಲಿಲ್ಲ. "ನಿನ್ನ ಬಾಯಿಗೆ ಹೆದರಿಯೇ ನಿಮ್ಮಕ್ಕ ಕಾಯಿಲೆ ವಿಷಯ ನಿಂಗೆ ಹೇಳ್ಲಿಲ್ಲ" ಅಂದ. ಅವಳು ಮರುಮಾತಾಡದೆ ಹೊರಟುಬಂದಳು. ಜೀವಮಾನದಲ್ಲಿ ಅವಳು ಮರುಮಾತಾಡದೆ ಬಂದದ್ದು ಅದೊಂದೇ ಸಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇದು ಗೊತ್ತಿಲ್ಲದ ಕಂಪನಿ ಇಬ್ಬರಿಗೂ ಒಂದೊಂದು ವಾಕಿಟಾಕಿ ಕೊಟ್ಟು ಎರಡು ತುದಿಗೆ ನಿಲ್ಲಿಸಿತು. "ಬಿಟ್ಟೆ" ಎಂದು ಒಬ್ಬರು ಹೇಳಬೇಕು, "ಸರಿ" ಎಂದು ಇನ್ನೊಬ್ಬರು ಹೇಳಬೇಕು, ಅಷ್ಟೆ. ಅಷ್ಟೂ ಆಗಲಿಲ್ಲ. ಇಬ್ಬರೂ ಸೆಟ್ಟು ಆರಿಸಿಟ್ಟು ಅಂದಾಜಿನ ಮೇಲೆ ಗಾಡಿ ಬಿಟ್ಟರು. ಮೊದಲ ವಾರದಲ್ಲೇ ಎರಡು ಸಾಲುಗಳು ಸೇತುವೆಯ ನಡುವೆ ಮೂತಿಗೆ ಮೂತಿ ಹಚ್ಚಿ ನಿಂತವು. ಒಂದೊಂದೇ ಲಾರಿಯನ್ನು ಹಿಂದಕ್ಕೆ ತೆಗೆಯುವಷ್ಟರಲ್ಲಿ ಇಡೀ ಬೆಳಗು ಹಾಳಾಯಿತು. ಒಂದು ಲಾರಿಯ ಹಿಂಚಕ್ರ ಕೋನನ್ನು ನೀರಿಗೆ ತಳ್ಳಿ, ಅಂಚಿನಲ್ಲಿ ನಿಂತುಕೊಂಡಿತು. ಅದರ ಡ್ರೈವರು ಇಳಿದವನು ಬಹಳ ಹೊತ್ತು ರಸ್ತೆಯ ಮೇಲೇ ಕೂತಿದ್ದ. ಯಾರು ಏನು ಕೊಟ್ಟರೂ ಕುಡಿಯಲಿಲ್ಲ.

ಆವತ್ತು ಮೇಸ್ತ್ರಿ ಮುರಿದ ಗುದ್ದಲಿಯ ಕಾವು ತಂದು, ತುದಿಗೆ ಕೆಂಪು ಬಟ್ಟೆ ಸುತ್ತಿ ಅವಳ ಕೈಗೆ ಹಾಕಿದ. "ಬಾಯಿ ಬೇಡ ತಾನೆ? ಬೇಡ ಬಿಡಿ. ಸಾಲಿನ ಕೊನೆಯ ಗಾಡಿಗೆ ಈ ಕೋಲು ಕೊಡಿ. ಕೋಲು ಆ ಕಡೆ ಬಂತು ಅಂದ್ರೆ ಸೇತುವೆ ಖಾಲಿ ಅಂತ. ಕೋಲಿಲ್ದೆ ಯಾರ್ನಾದ್ರೂ ಬಿಟ್ರೆ ಇಬ್ಬರ ಕಾಲೂ ಮುರೀತೀನಿ."

ಹಾಗೆ ಮಾತಿನ ಬದಲು ಕೋಲು ಓಡಾಡತೊಡಗಿತು. ಕೋಲು ಹೊರುವ ಡ್ರೈವರುಗಳಿಗೆ ಸಂಸಾರದ ಸುದ್ದಿಯೂ ಬೇಗ ಗೊತ್ತಾಯಿತು.

"ಬಾವನಿಗೆ ಏನಾದ್ರೂ ಹೇಳ್ಬೇಕಾ ಗುಡುಗಮ್ಮ?" ಎಂದು ಅವರು ಕಿಟಕಿಯಿಂದ ತಲೆ ಹಾಕಿ ಕೇಳುವರು.

"ಕೋಲು ಹೇಳತ್ತೆ, ನೀನು ಗೇರು ಹಾಕು" ಎನ್ನುವಳು ಇವಳು.

ಇವತ್ತು ಆ ಕಡೆಯ ಸರದಿ ಮುಗಿದು ಎಷ್ಟೋ ಹೊತ್ತಾಗಿತ್ತು. ಗಾಡಿಗಳೆಲ್ಲ ದಾಟಿಬಂದ ಹಾಗೇ ಕಂಡಿತ್ತು. ಕೊನೆಗೆ ಬಂದ ಕಾರಿನವನನ್ನು ಕೇಳಿದರೆ, "ನನ್ನ ಹತ್ರ ಕೋಲಿಲ್ಲಮ್ಮ, ಹಿಂದೆ ಯಾರಾದ್ರೂ ಇದ್ರೇನೋ ನೋಡ್ಲಿಲ್ಲ" ಎಂದು ಹೋಗಿಬಿಟ್ಟ. ಆಮೇಲೆ ಸೇತುವೆಯ ಬೆನ್ನಿನ ಮೇಲೆ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಸೈರನ್ನು ಕೇಳಿತು.

ಜೀಪೊಂದು ಸಾಲನ್ನು ಬಿಟ್ಟು, 'ಬಲ ಸಾಲು ಮುಚ್ಚಿದೆ' ಎಂಬ ಹಲಗೆಯನ್ನು ಸುತ್ತುಹಾಕಿ, ಕೋನುಗಳನ್ನು ಬೀಳಿಸಿಕೊಂಡು ಮುಂದೆ ಬಂತು. ಅದರ ಹಿಂದೆ ಕಪ್ಪು ಗಾಜಿನ ಎರಡು ಕಾರು. ಹೊಸ ಸೇತುವೆಯನ್ನು ನೋಡಲು ಮೇಲಿನಿಂದ ಸಾಹೇಬರು ಬರುತ್ತಾರೆಂದು ಬೆಳಗಿನಿಂದ ಸುದ್ದಿಯಿತ್ತು, ಬಂದದ್ದು ಅವರೇ. ಜೀಪಿನಿಂದ ತಂಪು ಕನ್ನಡಕದವನೊಬ್ಬ ಇಳಿದ.

"ಏಯ್, ಸರಿ ಆಕಡೆ. ಯಾರ ಕಾರು ಗೊತ್ತಾ?"

"ಯಾರದಾದ್ರೂ ಇರ್ಲಿ, ಕೋನು ಬೀಳಿಸಿದ್ದು ಯಾರು? ಎತ್ತಿ ನಿಲ್ಸು ಮೊದ್ಲು."

ಟ್ಯಾಂಕರಿನ ಡ್ರೈವರು ಕಿಟಕಿಯ ಮೇಲೆ ಮೊಣಕೈ ಊರಿಕೊಂಡು ಕೂತ. ಬಿಟ್ಟಿ ನಾಟಕ ಶುರುವಾಗಿತ್ತು.

ಕಚೇರಿಯಾಗಿದ್ದ ತಗಡಿನ ಡಬ್ಬದಿಂದ ಇಂಜಿನಿಯರು ಓಡಿಬಂದರು. ಎಳೆ ವಯಸ್ಸಿನ, ಒಳ್ಳೆಯ ಮನುಷ್ಯ. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುವವರು. ಇವತ್ತು ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಹಿಂದೆಯೇ ಏದುಸಿರು ಬಿಡುತ್ತ ಮೇಸ್ತ್ರಿ.

"ಬಿಡಿಯಮ್ಮ, ಬಿಡಿ. ಆ ಕಡೆ ಎಲ್ಲಾ ನಿಲ್ಸಿದ್ದಾರಂತೆ. ಆಫೀಸಿಗೆ ಫೋನ್ ಬಂದಿದೆ."

"ನಿಲ್ಸಿರಬಹುದು ಸಾರ್. ಹೊರಟಿರೋದು ಬಂದು ಮುಟ್ಬೇಕಲ್ಲ? ಕೋಲು ಬಂದಿಲ್ಲ."

"ಯಾವನೋ ಕೋಲು ಎತ್ಕೊಂಡು ಮನೆಗೆ ಹೋಗಿರ್ತಾನೆ" ಎಂದ ಮೇಸ್ತ್ರಿ. "ಹೋದ ತಿಂಗಳು ಆ ಮರಳು ಲಾರಿಯವನು ಹೋಗಿರ್ಲಿಲ್ವಾ?"

ಹೋಗಿದ್ದ, ಅದು ನಿಜ. ಗುಡುಗಮ್ಮನಿಗೂ ಆ ಅನುಮಾನ ಬಂದೇ ಇತ್ತು. ಕೋಲು ಯಾವುದೋ ಗಾಡಿಯ ಸೀಟಿನ ಕೆಳಗೆ ಮೈಲಿಗಟ್ಟಲೆ ದೂರ ಹೋಗಿರಬಹುದು, ತಾನು ಸುಮ್ಮನೆ ಹಟ ಹಿಡಿದು ನಿಂತಿರಬಹುದು. ಅದನ್ನು ತಿಳಿಯುವ ದಾರಿ ಒಂದೇ ಇತ್ತು. ಆ ದಾರಿ, ಅವಳು ವಾಪಸು ಕೊಟ್ಟಿದ್ದ ವಾಕಿಟಾಕಿ, ಮೇಸ್ತ್ರಿಯ ಸೊಂಟದಲ್ಲಿ ನೇತಾಡುತ್ತಿತ್ತು.

ಇಂಜಿನಿಯರು ಅದನ್ನೇ ನೋಡಿದರು. "ಕೇಳಿಬಿಡಿ ಒಂದು ಮಾತು. ನಿಮ್ಮ ಮನೆ ಜಗಳಕ್ಕೆ ನನ್ನ ಕೆಲಸ ಯಾಕೆ ಕಳೀತೀರಿ?"

ಆ ಮಾತು ಅವಳಿಗೆ ನೆಟ್ಟಗೆ ನಾಟಿತು. ಅವಳು ಎಡಗೈ ಚಾಚಿದಳು. ಮೇಸ್ತ್ರಿ ಸೆಟ್ಟು ಕೊಟ್ಟ. ಟ್ಯಾಂಕರಿನವನು ಎಂಜಿನ್ನು ಆರಿಸಿದ. ಹಾಸಿಗೆ ಗಾಡಿಯವನಿಗೂ ಆರಿಸೆಂದು ಕೈ ಮಾಡಿದ. ಬಸ್ಸಿನಿಂದ ನಾಲ್ಕಾರು ತಲೆಗಳು ಹೊರಬಂದವು.

ಅವಳು ಗುಂಡಿ ಒತ್ತಿದಳು.

"ಬಾವ" ಎಂದಳು. "ಬಾವ, ಕೋಲು ಕಳ್ಸಿದ್ದೀರಾ?"

ಸೆಟ್ಟಿನಲ್ಲಿ ಬರೀ ಕರಕರ ಸದ್ದು. ಇನ್ನೊಂದು ಸಲ ಕರೆದಳು. ಆ ಕಡೆಯಿಂದ ಉಸಿರೂ ಬರಲಿಲ್ಲ.

ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷ ನುಂಗಿಕೊಂಡಿದ್ದ ಒಂದು ಶಬ್ದವನ್ನು ಊರವರೆಲ್ಲರ ಮುಂದೆ ಉಗುಳಿ, ಉತ್ತರ ಬರದೆ ನಿಲ್ಲುವುದೆಂದರೆ ಬೀದಿಯಲ್ಲಿ ಕಪಾಳಕ್ಕೆ ತಿಂದ ಹಾಗೆ.

"ಆಯ್ತಲ್ಲ? ಅವನೂ ಇಲ್ಲ, ಕೋಲೂ ಇಲ್ಲ" ಎಂದ ಕನ್ನಡಕದವನು. "ತೆಗೀರಿ ಆ ಕೋನು. ಯಾವುದಾದ್ರೂ ಗಾಡಿ ಎದುರಿಗೆ ಬಂದ್ರೆ ಹಿಂದಕ್ಕೆ ಹೋಗ್ತಾನೆ."

"ಹಿಂದಕ್ಕೆ?" ಗುಡುಗಮ್ಮ ಅವನ ಕಡೆ ತಿರುಗಿದಳು. ಈಗ ಅವಳ ದನಿ ಬಸ್ಸಿನ ಕೊನೆಯ ಸೀಟಿಗೂ ಕೇಳಿಸಿತು. "ತಡೆಗೋಡೆ ಇಲ್ದೆ ಇರೋ ಕಡೆ ಹಿಂದಕ್ಕೆ ಹೋಗೋದಾ? ಬಾ, ನೀನೇ ನಿನ್ನ ಜೀಪನ್ನ ಈ ತುದಿಯಿಂದ ಆ ತುದಿಗೆ ಹಿಂದಕ್ಕೆ ಓಡಿಸ್ಕೊಂಡು ಹೋಗು. ನಾನೇ ಫಲಕ ತಿರುಗಿಸ್ತೀನಿ. ಬಾರೋ!"

"ಬಾಯಿ ಬಿಗಿ ಹಿಡಿದು ಮಾತಾಡು."

"ಹಿಡಿಯೋಕೆ ಕೈ ಎಲ್ಲಿದೆ? ಒಂದರಲ್ಲಿ ಫಲಕ, ಇನ್ನೊಂದರಲ್ಲಿ ಸೆಟ್ಟು."

ಟ್ಯಾಂಕರಿನವನು ಜೋರಾಗಿ ನಕ್ಕ. ಇಂಜಿನಿಯರು ಮುಂದೆ ಬಂದು ಮೆತ್ತಗೆ, ಬೇಡಿಕೊಳ್ಳುವವರ ಹಾಗೆ ಅಂದರು: "ಅಮ್ಮ, ಈಗ ಬಿಡದೆ ಇದ್ರೆ ನಾಳೆಯಿಂದ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಈ ಫಲಕ ಕೈಗೆ ಬರುವ ಮೊದಲು ಅವಳು ಜಲ್ಲಿ ಹೊತ್ತಿದ್ದಳು, ಕಚೇರಿಯ ಕಕ್ಕಸು ತೊಳೆದಿದ್ದಳು. ಲಾರಿಯೊಂದು ತನ್ನ ಕೈ ನೋಡಿ ನಿಂತದ್ದು ಇಲ್ಲಿಯೇ ಮೊದಲು.

"ನಾಳೆ ಬರಲ್ಲ ಬಿಡಿ ಸಾರ್" ಎಂದಳು. "ಆದ್ರೆ ಇವತ್ತು ಸಂಜೆವರೆಗೆ ಈ ರಸ್ತೆ ನಂದು."

ಹೇಳಿದವಳೇ ಫಲಕದ ಹಿಡಿಯನ್ನು ಜೀಪಿನ ಮೂತಿಗೆ ಅಡ್ಡಲಾಗಿ ನೆಲಕ್ಕೆ ಕುಟ್ಟಿ ಊರಿ ನಿಂತಳು. ಜೀಪಿನ ಡ್ರೈವರು ಎಂಜಿನ್ನು ಗುರುಗುಟ್ಟಿಸಿ ಒಂದು ಗೇಣು ಮುಂದೆ ಬಂದ. ಬಂಪರಿನ ಬಿಸಿ ಅವಳ ಮೊಣಕಾಲಿಗೆ ತಾಗಿತು. ಅವಳು ಕದಲಲಿಲ್ಲ. ಅವನು ಇನ್ನೊಂದು ಗೇಣು ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಹಾರನ್ನು ಒತ್ತಿ ಹಿಡಿದರು. ಅದು ಬೈಗುಳವೋ ಜೈಕಾರವೋ ತಿಳಿಯುವಂತಿರಲಿಲ್ಲ.

"ಗುಡುಗಮ್ಮ" ಎಂದು ಟ್ಯಾಂಕರಿನವನು ಕೂಗಿದ. ಅವನ ಸೀಟು ಎತ್ತರ, ಮೊದಲು ಕಂಡದ್ದು ಅವನಿಗೇ. "ಗುಡುಗಮ್ಮ, ಅಲ್ಲಿ ನೋಡು!"

ಸೇತುವೆಯ ಬೆನ್ನಿನ ಮೇಲೆ ಮೊದಲು ಒಂದು ಬೀರುವಿನ ಮೂಲೆ ಕಂಡಿತು. ಆಮೇಲೆ ಕಟ್ಟಿದ ಕುರ್ಚಿಗಳ ಕಾಲು, ಆಮೇಲೆ ಇಡೀ ಮೂರು ಚಕ್ರದ ಸಾಮಾನು ಗಾಡಿ. ಅದು ಹೊಗೆಯಿಲ್ಲದೆ, ಸದ್ದಿಲ್ಲದೆ, ನಡೆಯುವ ಮನುಷ್ಯನ ವೇಗದಲ್ಲಿ ಬರುತ್ತಿತ್ತು. ಮುಂದೆ ಡ್ರೈವರಿನ ಪಕ್ಕದಲ್ಲಿ ಮುದುಕಿಯೊಬ್ಬಳು ಗೋಡೆ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕುರ್ಚಿಗಳ ನಡುವೆ ಸಿಕ್ಕಿಸಿದ್ದ ಕೋಲಿನ ಕೆಂಪು ಬಟ್ಟೆ ಅಲ್ಲಾಡುತ್ತಿತ್ತು. ಹಿಂದಿನಿಂದ ತಲೆ ತಗ್ಗಿಸಿ, ಎರಡೂ ಕೈ ಚಾಚಿ ತಳ್ಳುತ್ತಿದ್ದವನು ಬಾವ.

ಮೇಸ್ತ್ರಿ ಬಿದ್ದ ಕೋನುಗಳನ್ನು ತಾನೇ ಎತ್ತಿ ಎತ್ತಿ ನಿಲ್ಲಿಸತೊಡಗಿದ.

ಗಾಡಿ ಬದಿಗೆ ಬಂದು ನಿಂತ ಮೇಲೆ ಬಾವ ಬೆನ್ನು ನೆಟ್ಟಗೆ ಮಾಡಿದ. ಹಿಂದೆ ನೋಡಿದ್ದಕ್ಕಿಂತ ಕೂದಲು ಬೆಳ್ಳಗಾಗಿತ್ತು. ಕುರ್ಚಿಗಳ ನಡುವಿಂದ ಕೋಲು ಎಳೆದು ತಂದು ಅವಳ ಮುಂದೆ ಚಾಚಿದ.

"ಏರಿನಲ್ಲಿ ಕೆಟ್ಟು ನಿಂತಿತ್ತು" ಎಂದ, ಅವಳಿಗೋ ಕೋಲಿಗೋ ತಿಳಿಯದ ಹಾಗೆ. "ಫಲಕ ಕೆಂಪು ಮಾಡಿ ಟಾರು ಡ್ರಮ್ಮಿಗೆ ಕಟ್ಟಿ ಬಂದೆ."

"ಸೆಟ್ಟು?"

"ಅದೂ ಡ್ರಮ್ಮಿನ ಮೇಲೇ ಇದೆ."

ಟ್ಯಾಂಕರಿನವನಿಗೆ ತಡೆಯಲಾಗಲಿಲ್ಲ. "ಸ್ವಾಮಿ, ನಿಮ್ಮ ನಾದಿನಿ ಸೆಟ್ಟಲ್ಲಿ ನಿಮ್ಮನ್ನ ಮೂರು ಸಲ ಬಾವ ಅಂದ್ರು."

ಬಾವ ಗಾಬರಿಯಾದ. "ಬೈದಳಾ?"

"ಇಲ್ಲ ಸ್ವಾಮಿ, ಕರೆದ್ರು."

ಬಾವ ಭುಜದ ಮೇಲಿನ ಬಟ್ಟೆಯಿಂದ ಮುಖ ಒರೆಸಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ.

"ಟ್ಯಾಂಕರು ಹತ್ತಿ" ಎಂದಳು ಗುಡುಗಮ್ಮ. "ಅಲ್ಲಿ ಯಾರೂ ಇಲ್ದೆ ಇರಬಾರ್ದು. ಮೊದ್ಲು ನೀವು ಹೋಗಿ ಮುಟ್ಟಿ."

ಅವನು ಹತ್ತಿದ. ಅವಳು ಫಲಕ ತಿರುಗಿಸಿದಳು. ಹಸಿರು ಮುಖ ಬಂತು. ಕನ್ನಡಕದವನು ಜೀಪಿಗೆ ಹಾರಿ ಕೂತು ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಅವಳ ಕೈ ಅವನ ಗಾಜಿನ ಮೇಲಿತ್ತು.

"ಎಲ್ಲಿಗೆ? ಸಾಲು ಅಲ್ಲಿದೆ."

"ಇಂಜಿನಿಯರೇ!" ಎಂದು ಅವನು ಚೀರಿದ.

ಇಂಜಿನಿಯರು ಗಡಿಯಾರ ಹಿಡಿದ ಮುದುಕಿಯನ್ನು ನೋಡುತ್ತ ನಿಂತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ.

ಟ್ಯಾಂಕರು ಹೋಯಿತು, ಹಾಸಿಗೆ ಗಾಡಿ ಹೋಯಿತು, ಬಸ್ಸು ಹೋಯಿತು. ಬಸ್ಸಿನ ಹಿಂದಿನ ಕಿಟಕಿಯಿಂದ ಒಬ್ಬಳು ಇವಳಿಗೆ ಸೆಲ್ಯೂಟು ಹೊಡೆದಳು. ಟೋಲ್ ಗೇಟಿನಾಚೆವರೆಗೂ ಕಾದಿದ್ದ ಗಾಡಿಗಳೆಲ್ಲ ಒಂದೊಂದಾಗಿ, ನಿಧಾನವಾಗಿ, ಜೀಪನ್ನೂ ಕಪ್ಪು ಕಾರುಗಳನ್ನೂ ನೋಡಿಕೊಂಡು ದಾಟಿದವು. ಕೊನೆಯದು ದಾಟಿದ ಮೇಲೆ ಅವಳು ಜೀಪನ್ನು ಬಿಟ್ಟಳು. ಅದರ ಹಿಂದಿನ ಕಾರನ್ನು ಬಿಟ್ಟಳು. ಕಟ್ಟಕಡೆಯ ಕಾರನ್ನು ಕೈಯೊಡ್ಡಿ ನಿಲ್ಲಿಸಿ, ಹಿಂದಿನ ಗಾಜನ್ನು ಬೆರಳ ಗೆಣ್ಣಿನಿಂದ ಬಡಿದಳು.

ಗಾಜು ಇಳಿಯಿತು. ಒಳಗಿನ ತಂಪು ಅವಳ ಮುಖಕ್ಕೆ ಬಡಿಯಿತು. ಸಾಹೇಬರು ವಯಸ್ಸಾದವರು, ನಿದ್ದೆಯಿಂದ ಎದ್ದವರ ಹಾಗಿದ್ದರು.

"ಏನಮ್ಮ?"

"ಕೊನೆಯ ಗಾಡಿ ನಿಮ್ದು ಸಾರ್. ಈ ಕೋಲು ತಗೊಂಡು ಹೋಗ್ಬೇಕು. ಆ ಕಡೆ ನಮ್ಮ ಬಾವ ನಿಂತಿರ್ತಾರೆ, ಅವರ ಕೈಗೇ ಕೊಡಿ. ಸೀಟಲ್ಲಿ ಬಿಟ್ಟು ಮರೀಬೇಡಿ."

ಸಾಹೇಬರು ಕೋಲನ್ನು ನೋಡಿದರು, ಅವಳನ್ನು ನೋಡಿದರು. ಕೋಲನ್ನು ಒಳಗೆ ಎಳೆದುಕೊಳ್ಳಲು ನೋಡಿದರು. ಅಡ್ಡ ಹಾಕಿದರೆ ಕೋಲಿನ ಮಣ್ಣು ಸೀಟಿಗೆ ತಾಗಿತು, ಉದ್ದ ಹಾಕಿದರೆ ಬಿಳಿ ಅಂಗಿಗೆ ತಾಗಿತು. ಕೊನೆಗೆ ಕಿಟಕಿಯ ಹೊರಗೆ ನೆಟ್ಟಗೆ ಹಿಡಿದುಕೊಂಡರು. ಕಾರು ಹೊರಟಿತು. ಕೆಂಪು ಬಟ್ಟೆ ಸೇತುವೆಯ ಏರನ್ನು ಹತ್ತಿ, ಬೆನ್ನಿನ ಮೇಲೆ ಒಂದು ಗಳಿಗೆ ಗಾಳಿಗೆ ಬಡಿದಾಡಿ, ಆಚೆ ಇಳಿಯಿತು.

ಹಿಂದೆ ಹೊಸ ಸಾಲು ಬೆಳೆಯತೊಡಗಿತ್ತು. ಅವಳು ಫಲಕವನ್ನು ಕೆಂಪಿಗೆ ತಿರುಗಿಸಿ ನಿಂತಳು. ಮೇಸ್ತ್ರಿ ಸೆಟ್ಟನ್ನು ವಾಪಸು ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಅವಳ ಕೈಯಲ್ಲೇ ಕರಕರ ಎಂದಿತು.

"ಕೋಲು ಬಂತು" ಎಂದಿತು ಬಾವನ ದನಿ. ಆಮೇಲೆ, ನಡುವೆ ತಡೆದು ತಡೆದು: "ನಿಮ್ಮಕ್ಕ ಇದ್ದಿದ್ರೆ... ಇದನ್ನ ನೋಡಿ ಬಿದ್ದು ಬಿದ್ದು ನಗ್ತಿದ್ಳು."

ಗುಡುಗಮ್ಮ ಸೆಟ್ಟನ್ನು ಬಾಯಿಯ ಹತ್ತಿರ ತಂದು ಗುಂಡಿ ಒತ್ತಿದಳು. ಒತ್ತಿಯೇ ಹಿಡಿದಳು. ಈ ತುದಿಯ ಗಾಳಿ, ಎಂಜಿನ್ನುಗಳ ಸದ್ದು, ಯಾವುದೋ ಲಾರಿಯ ಹಾರನ್ನು ಎಲ್ಲವೂ ಆ ತುದಿಗೆ ಹೋಗುತ್ತಿತ್ತು.