ಅಕ್ಕನ ಬಾಗಿಲಿಗೆ ಇನ್ನೂ ಎರಡು ವಾರ

ತಣ್ಣಗೆ ತೋಳಿನ ಮೇಲೆ ಸ್ಪಿರಿಟ್ ಹತ್ತಿ, ಅಂಗಡಿಯಲ್ಲಿ ಗಡಿಯಾರದ ಚಕ್ರ ತೊಳೆಯುವ ಪೆಟ್ರೋಲಿನಷ್ಟೇ ತಣ್ಣಗೆ, ಆದರೆ ಇದು ನನ್ನ ಚರ್ಮ, ಕೈ ಸಡಿಲ ಬಿಡಿ ಯಜಮಾನ್ರೇ, ಉಸಿರು ಯಾಕೆ ಹಿಡಿದಿದೀರಾ ಅನ್ನುತ್ತಿದ್ದಾಳೆ ನರ್ಸಮ್ಮ, ಓ, ಹಿಡಿದಿದ್ದೆನೇ, ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನಿಗೆ ಸಣ್ಣದೇನಾದರೂ ಕಣ್ಣೆದುರು ಬಂದರೆ ಉಸಿರು ತಾನಾಗಿಯೇ ನಿಲ್ಲುತ್ತದೆ, ಬಿಟ್ಟೆನೋ ಕೂದಲೆಳೆಯಂಥ ಸ್ಪ್ರಿಂಗು ಹಾರಿಹೋಯಿತು, ಆಮೇಲೆ ಮಂಡಿಯೂರಿ ಮೇಜಿನ ಕೆಳಗೆ ತಡಕಾಟ — ಆಯ್ತು, ಅಷ್ಟೇ. ಅಷ್ಟೇನಾ? ಇಷ್ಟು ಸಣ್ಣ ಸೂಜಿಗೆ ಎರಡು ತಿಂಗಳು ಮೂತಿ ಊದಿಸಿಕೊಂಡು ಕುಳಿತೆನೇ ನಾನು, ಹದಿನೈದು ನಿಮಿಷ ಆ ಕುರ್ಚಿ ಮೇಲೆ ಕೂತಿರಿ, ತಲೆ ಸುತ್ತಿದ್ರೆ ಹೇಳಿ, ಜೊತೆಗೆ ಯಾರು ಬಂದಿದಾರೆ, ಯಾರೂ ಇಲ್ಲಮ್ಮ, ಒಬ್ಬನೇ. ಎದುರು ಕುರ್ಚಿಯಲ್ಲಿ ಗಂಡ ಹೆಂಡತಿಯ ತೋಳು ಉಜ್ಜುತ್ತಿದ್ದಾನೆ, ಉಜ್ಜಬೇಡ್ರೀ ನೋಯುತ್ತೆ ಅಂತ ಅವಳು, ಆದರೂ ಕೈ ತೆಗೆಯಲು ಬಿಡುತ್ತಿಲ್ಲ. ನನ್ನ ಮನೆಯಲ್ಲಿ ನಾನು ಬಾಯಿ ತೆರೆಯುವುದು ಆಕಳಿಸಲು ಮಾತ್ರ.

ಅಕ್ಕನ ಮಗಳು ಫೋನಿನಲ್ಲಿ ಎಷ್ಟು ನಯವಾಗಿ ಹೇಳಿದ್ದಳು, ಬೇಜಾರು ಮಾಡ್ಕೋಬೇಡಿ ಮಾವ, ಹೊಸ ಕಿಡ್ನಿ ಉಳೀಲಿ ಅಂತ ಅಮ್ಮನಿಗೆ ಕೊಡೋ ಮಾತ್ರೆ ಮೈಯ ಕಾವಲನ್ನೇ ಮಲಗಿಸಿಬಿಡುತ್ತೆ, ಈ ವರ್ಷ ಮನೆಗೆ ಬರೋರೆಲ್ಲ ಫ್ಲೂ ಲಸಿಕೆ ಹಾಕಿಸ್ಕೊಂಡೇ ಬರ್ಬೇಕಂತೆ, ದೊಡ್ಡಾಸ್ಪತ್ರೆಗೇನೂ ಹೋಗ್ಬೇಡಿ, ನಿಮ್ಮ ಬೀದಿ ಕೊನೇಲಿರೋ ಕ್ಲಿನಿಕ್ಕಿಗೆ ಫೋನ್ ಮಾಡಿ ಹೆಸರು ಬರೆಸಿದ್ರೆ ಸಾಕು. ಒಡಹುಟ್ಟಿದವನಿಗೇ ಷರತ್ತೇ, ನಾನೇನು ಬೀದಿನಾಯಿಯೇ ಚುಚ್ಚಿಸಿಕೊಂಡು ಬರಲು, ಎಂದು ಉರಿದುಹೋದೆ, ಯಾವಾಗಲೋ ಹಾಕಿಸಿದೀನಮ್ಮ ಎಂದು ಒಂದು ಸುಳ್ಳೂ ಬಿಟ್ಟೆ, ನಾನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು, ಆ ರೋಗ ವರ್ಷಕ್ಕೊಂದು ವೇಷ ಹಾಕುತ್ತೆ ಮಾವ, ಲಸಿಕೇನೂ ವರ್ಷ ವರ್ಷ ಹೊಸದೇ ಅಂದಳು. ಎರಡು ತಿಂಗಳು ಹೋಗಲಿಲ್ಲ. ಎರಡು ತಿಂಗಳು ನನ್ನನ್ನು ಯಾರೂ ನೀನು ಅನ್ನಲಿಲ್ಲ, ಏಕವಚನದಲ್ಲಿ ಕರೆಯುವವಳು ಅಕ್ಕನೊಬ್ಬಳೇ ಉಳಿದಿದ್ದಾಳೆ, ಮಿಕ್ಕವರಿಗೆಲ್ಲ ಯಜಮಾನ್ರು, ಮಾವ, ಗಡಿಯಾರದವರು.

ಎಲ್ಲಿಗೆ ಹೊರಟಿದೀರಾ, ಇಸ್ತ್ರಿ ಅಂಗಿ, ಕೈಯಲ್ಲಿ ಹಣ್ಣಿನ ಚೀಲ, ಜೋರಾಗಿದೆಯಲ್ಲ — ನರ್ಸಮ್ಮ ನಗುತ್ತಾಳೆ — ಅಕ್ಕನ ಮನೆಗಮ್ಮ, ಇಲ್ಲಿಂದ ನೇರ ಬಸ್ಸಿಗೆ, ಅವಳಿಗೆ ಹೊಸ ಕಿಡ್ನಿ ಹಾಕಿದಾರೆ, ಅದಕ್ಕೇ ಈ ಸೂಜಿ. ನಗು ನಿಂತಿತು. ಇವತ್ತೇನಾ? ಮದ್ದು ಮೈಗೆ ಹತ್ತೋಕೆ ಎರಡು ವಾರ ಬೇಕು ಯಜಮಾನ್ರೇ, ಅಲ್ಲೀವರೆಗೂ ಹಾಕಿಸ್ಕೊಂಡೂ ಒಂದೇ, ಬಿಟ್ರೂ ಒಂದೇ. ಎರಡು ವಾರವೇ, ಕೀ ಕೊಟ್ಟ ಕೂಡಲೇ ಓಡುವುದನ್ನೇ ನೋಡುತ್ತ ಮುದುಕನಾದವನು ನಾನು, ಸೂಜಿ ಚುಚ್ಚಿದರೆ ಮೈಯೂ ಆ ಕ್ಷಣಕ್ಕೇ ಹೊರಡುತ್ತದೆ ಅಂದುಕೊಂಡೆನಲ್ಲ, ಅಕ್ಕನ ಮಗಳು ಹೇಳಿದ ದಿನವೇ ಇಲ್ಲಿಗೆ ಬಂದಿದ್ದರೆ ಇಷ್ಟು ಹೊತ್ತಿಗೆ ಅಕ್ಕನ ಎದುರು ಕುಳಿತು ಬೈಸಿಕೊಳ್ಳುತ್ತಿದ್ದೆ, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು. ಅಕ್ಕನಿಗೆ ಫೋನ್ ಮಾಡಿದೆ. ಏನೋ, ಹಾಕಿಸ್ಕೊಂಡ್ಯಾ, ಅತ್ತುಬಿಟ್ಯಾ? ಇಲ್ಲ ಅಕ್ಕ, ಎರಡು ವಾರ ಬರಬಾರದಂತೆ. ಆಗ್ಲಿ ಬಿಡು, ನಾನೇನು ಎಲ್ಲಿಗಾದ್ರೂ ಓಡಿಹೋಗ್ತೀನಾ, ಎಂದು ನಕ್ಕಳು, ನಗು ಅರ್ಧಕ್ಕೇ ದಣಿಯಿತು, ಫೋನ್ ಇಟ್ಟಳು.

ಆದರೂ ಹೋಗಿಬಿಡಲೇ, ಅಕ್ಕನ ಹೊಸ್ತಿಲಲ್ಲಿ ನಿಂತು, ಒಂದೂವರೆ ನಿಮಿಷ ಉಸಿರು ಹಿಡಿಯಬಲ್ಲೆ ನಾನು, ಬೀದಿಯಲ್ಲೇ ಎದೆ ತುಂಬಿಕೊಂಡು, ಅವಳ ಮುಖವೊಂದು ನೋಡಿ, ಹಣ್ಣು ಇಟ್ಟು, ತಿರುಗಿ ಬಂದರೆ ಯಾರಿಗೇನು, ಏನೂ ಆಗುವುದಿಲ್ಲ — ಏನೂ ಆಗಲ್ಲ ಅಕ್ಕ, ಅಂಗಡಿ ಧೂಳು, ಅದಕ್ಕೇ ಕೆಮ್ಮು, ಹೋದ ಚಳಿಗಾಲದಲ್ಲಿ ಹಾಗೆಂದವನೂ ನಾನೇ, ಮೈ ಕಾದಿದ್ದು ಗೊತ್ತಿದ್ದೂ ಅವಳ ಪಕ್ಕದಲ್ಲಿ ಕುಳಿತು ಮಧ್ಯಾಹ್ನವೆಲ್ಲ ಹರಟಿದವನು ನಾನೇ, ಒಬ್ಬನೇ ಇದ್ದು ಸಾಕಾಗಿತ್ತು. ನಾಲ್ಕನೇ ದಿನ ಆಸ್ಪತ್ರೆ. ಎಲ್ಲಿಂದ ಅಂಟಿತೋ ಎಂದು ಅವಳ ಮಗಳು ಅತ್ತಳು, ಅಕ್ಕ ನನ್ನ ಕಡೆ ನೋಡಿದಳು, ಬಾಯಿ ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ, ನಾನೂ. ಒಂಬತ್ತು ದಿನ ಒಳಗೆ ಬಿಡಲಿಲ್ಲ, ಬಾಗಿಲಿನ ಗಾಜಿನಾಚೆಯಿಂದ ಕಂಡದ್ದು ಅವಳ ಮೂಗು ಬಾಯಿ ಮುಚ್ಚಿದ್ದ ಪ್ಲಾಸ್ಟಿಕ್ ಮಾಸ್ಕು ಮಾತ್ರ, ಉಸಿರು ಬಿಟ್ಟಾಗ ಒಳಗೆ ಮಂಜು ಕಟ್ಟುತ್ತಿತ್ತು, ಎಳೆದಾಗ ತಿಳಿಯಾಗುತ್ತಿತ್ತು — ಯಜಮಾನ್ರೇ, ಹದಿನೈದು ನಿಮಿಷ ಆಯ್ತು, ನೀವಿನ್ನು ಹೊರಡಬಹುದು — ಎಲ್ಲಿಗೆ, ಮಂಜು ಕಟ್ಟಿತು, ತಿಳಿಯಾಯಿತು, ನಾನು ಗಾಜಿಗೆ ಹಣೆ ಒತ್ತಿ ನಿಂತಿದ್ದೆ, ಮಂಜು ಕಟ್ಟಿತು, ತಿಳಿಯಾಯಿತು, ಮುಂದಿನದಕ್ಕೆ ಕಾಯುತ್ತಿದ್ದೆ, ತಿಳಿಯಾಗಿಯೇ ಇತ್ತು, ಇನ್ನೂ ತಿಳಿಯಾಗಿಯೇ —