ನೆಲಮಾಳಿಗೆಯ ನೆಟ್‌ವರ್ಕ್ ಸ್ವಿಚ್

ನಾನು ಒಂದು ನೆಟ್‌ವರ್ಕ್ ಸ್ವಿಚ್. ದೀಪ ಹಚ್ಚುವ ಸ್ವಿಚ್ ಅಲ್ಲ. ಕಂಪ್ಯೂಟರುಗಳ ನಡುವೆ ಮಾತು ಸಾಗಿಸುವ ತಗಡಿನ ಪೆಟ್ಟಿಗೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಥರ್ಮೋಕೋಲಿನ ನಡುವೆ ಮಲಗಿಕೊಂಡೇ ಗದಗಿನ ಒಂದು ಆಸ್ಪತ್ರೆಗೆ ಬಂದೆ. ನೆಲಮಾಳಿಗೆಯಲ್ಲಿ, ರಕ್ತಪರೀಕ್ಷೆಯ ಕೋಣೆಯ ಗೋಡೆಗೆ ನನ್ನನ್ನು ಕೂರಿಸಿದರು. ನನ್ನ ಕೆಳಗೆ ಲ್ಯಾಬ್ ಟೆಕ್ನಿಶಿಯನ್ ಎಸ್ತರಮ್ಮನ ಮೇಜು.

ನಮ್ಮ ಕುಲದ ಹಿರಿಯರಾದ ಹಬ್‌ಗಳು ಒಬ್ಬರಿಗೆ ಬಂದ ಮಾತನ್ನು ಎಲ್ಲರ ಕಿವಿಗೂ ಕೂಗುತ್ತಿದ್ದವು. ನನ್ನ ರೀತಿ ಬೇರೆ. ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸವಿರುತ್ತದೆ. ಅದು ಮೊದಲ ಸಲ ಮಾತಾಡಿದಾಗಲೇ, ದನಿ ನನ್ನ ಮೈಮೇಲೆ ವೈರು ಚುಚ್ಚುವ ಯಾವ ಕಿಂಡಿಯಿಂದ ಬಂತೆಂದು ಗುರುತಿಟ್ಟುಕೊಳ್ಳುತ್ತೇನೆ. ಆಮೇಲೆ ಅದಕ್ಕೆ ಬಂದದ್ದನ್ನು ಆ ಕಿಂಡಿಗಷ್ಟೇ ಕಳಿಸುತ್ತೇನೆ. ಹೆರಿಗೆ ವಾರ್ಡಿನದು ಹೆರಿಗೆ ವಾರ್ಡಿಗೆ, ಎಕ್ಸ್‌ರೇಯವರದು ಎಕ್ಸ್‌ರೇಗೆ. ಗದ್ದಲವಿಲ್ಲ, ದಾರಿಯೂ ಕಿಕ್ಕಿರಿಯುವುದಿಲ್ಲ.

ಇಷ್ಟು ಜನರನ್ನು ಜೋಡಿಸಿದ ನಾನು ಎಸ್ತರಮ್ಮನನ್ನು ಮಾತ್ರ ಒಂಟಿ ಮಾಡಿದೆ. ಇದು ತಿಳಿದದ್ದು, ಆಕೆ ಬೆಟಗೇರಿಯ ತಂಗಿಗೆ ಫೋನ್ ಮಾಡಿದಾಗ.

"ಮೊದ್ಲ ರಿಪೋರ್ಟ್ ಹಿಡ್ಕೊಂಡು ವಾರ್ಡ್ ವಾರ್ಡ್ ಅಡ್ಯಾಡತಿದ್ದೆ. ಒಬ್ರು ಚಾ ಕೊಡೋರು, ಒಬ್ರು ಮಗಳ ಲಗ್ನದ ಸುದ್ದಿ ಹೇಳೋರು. ಈಗ ಇಲ್ಲೇ ಗುಂಡಿ ಒತ್ತಿದ್ರ ಮುಗೀತು. ನನ್ನ ಮುಖ ಯಾರಿಗೂ ಬ್ಯಾಡಾಗೇತಿ."

ಫೋನ್ ಇಟ್ಟು, ಡಬ್ಬಿ ಬಿಚ್ಚಿ, ಗೋಡೆಯತ್ತ ಮುಖ ಮಾಡಿ ರೊಟ್ಟಿ ತಿಂದರು. ಸಾವಿರ ಮಾತು ಸಾಗಿಸುವ ನನ್ನಲ್ಲಿ ಆಕೆಗೆ ಹೇಳಲು ಒಂದು ಮಾತೂ ಇರಲಿಲ್ಲ.

ಒಂದು ಮಧ್ಯಾಹ್ನ ಸುಣ್ಣ ಬಳಿಯಲು ಮಲ್ಲೇಶಿ ಎಂಬಾತ ಬಂದ. ಒಂದು ವೈರಿನ ತುದಿ ಜೋತಾಡುವುದನ್ನು ಕಂಡು, ಕಳಚಿ ಬಿದ್ದಿರಬೇಕೆಂದು ನನ್ನ ಖಾಲಿ ಕಿಂಡಿಗೆ ಚುಚ್ಚಿದ. ಅದರ ಇನ್ನೊಂದು ತುದಿಯೂ ನನ್ನಲ್ಲೇ ಇತ್ತು! ಎಲ್ಲರಿಗೂ ಸಾರಬೇಕಾದ ಮಾತೊಂದು ಬಂದರೆ, ನಾನು ಅದನ್ನು ಉಳಿದ ಎಲ್ಲ ಕಿಂಡಿಗಳಿಗೂ ಕಳಿಸಬೇಕು. ಈಗ ಒಂದು ಕಿಂಡಿಯಿಂದ ಹೊರಟದ್ದು ಇನ್ನೊಂದರಿಂದ ನನ್ನೊಳಗೇ ಮರಳಿ ಬಂತು. ಮತ್ತೆ ಕಳಿಸಿದೆ, ಮತ್ತೆ ಬಂತು. ನನ್ನದೇ ಕೂಗಿನಲ್ಲಿ ನಾನು ಮುಳುಗಿಹೋದೆ. ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ಮೂಕವಾದವು.

ಅಷ್ಟರಲ್ಲಿ ಆಪರೇಷನ್ ಕೋಣೆಯಿಂದ ಫೋನ್. ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ರಕ್ತ ಹೊಂದುತ್ತದೆಯೇ ಎಂಬ ರಿಪೋರ್ಟು ತಲುಪಿಲ್ಲ.

"ರಕ್ತದ ಮಾತು ಬಾಯಿಲೆ ಹೇಳಂಗಿಲ್ರೀ. ಬರದು ನಾನಽ ತರ್ತೀನಿ!" ಎಂದರು ಎಸ್ತರಮ್ಮ. ಕಾಗದದ ಮೇಲೆ ಬರೆದು, ಸಹಿ ಹಾಕಿ, ಸೆರಗು ಸಿಕ್ಕಿಸಿ ಓಡಿದರು.

ಬಹಳ ಹೊತ್ತಿನ ಮೇಲೆ ಮರಳಿದರು. ಹಿಂದೆಯೇ ಹೊಸ ನರ್ಸ್ ದಾಕ್ಷಾಯಣಿ.

"ತಾಯಿ ಉಳಕೊಂಡ್ಲರೀ ಅಕ್ಕಾರ. ಇಷ್ಟ್ ದಿನ ರಿಪೋರ್ಟಿನ್ಯಾಗ ನಿಮ್ಮ ಹೆಸರಷ್ಟಽ ನೋಡ್ತಿದ್ದೆ, ನೀವು ಹಿಂಗದೀರಿ ಅಂತ ಗೊತ್ತಽ ಇರ್ಲಿಲ್ಲ."

ಎಸ್ತರಮ್ಮ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನನ್ನ ದೀಪಗಳೆಲ್ಲ ಹುಚ್ಚೆದ್ದು ಮಿನುಗುವುದು ಆಗ ಅವರ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ, ಇನ್ನೂ ಸುಣ್ಣ ಬಳಿಯುತ್ತಿದ್ದ ಮಲ್ಲೇಶಿ, "ಈ ವೈರ್ ನಾನಽ ಚುಚ್ಚಿದ್ನಿರೀ," ಎಂದ. ಅದನ್ನು ಕೀಳುತ್ತಲೇ ನನಗೆ ಉಸಿರು ಬಂತು.

ಮರುದಿನದಿಂದ ಊಟದ ಹೊತ್ತಿಗೆ ಎಸ್ತರಮ್ಮ ಡಬ್ಬಿ ಹಿಡಿದು ಮೇಲಿನ ವಾರ್ಡಿಗೆ ಹೋಗತೊಡಗಿದರು. ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಬೇಸರವಾಯಿತು, ಆದರೂ ಅವರು ಹೋಗಲಿ ಎಂದೇ ಅನ್ನಿಸಿತು.

ವರ್ಷಗಳು ಕಳೆದು, ನನಗಿಂತ ಚುರುಕಾದ ಸ್ವಿಚ್ ಬಂದ ದಿನ ನನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಎಸ್ತರಮ್ಮ ಸೆರಗಿನಿಂದ ನನ್ನ ಧೂಳು ಒರೆಸಿ, ಬೆನ್ನ ಮೇಲೆ ಅಂಗೈ ಇಟ್ಟರು.

"ಪಾಪ, ಇನ್ನೂ ಬೆಚ್ಚಗೈತಿ," ಎಂದರು.

ಈಗ ಉಗ್ರಾಣದ ಮೂಲೆಯಲ್ಲಿ, ಮುರಿದ ಗಾಲಿಕುರ್ಚಿಯ ಪಕ್ಕದಲ್ಲಿದ್ದೇನೆ. ವಿದ್ಯುತ್ತು ಹೋದರೆ ನಾನು ಕಲಿತ ವಿಳಾಸಗಳೆಲ್ಲ ಅಳಿಸಿಹೋಗುತ್ತವೆ. ಅದು ನಮ್ಮ ಕುಲದ ಗುಣ. ಹೆರಿಗೆ ವಾರ್ಡು ಯಾವ ಕಿಂಡಿಯಲ್ಲಿತ್ತೋ ಇಂದು ಹೇಳಲಾರೆ. ಜೀವಮಾನವಿಡೀ ಬೇರೆಯವರ ಮಾತನ್ನೇ ಹೊತ್ತ ನನಗೆಂದೇ ಆಡಿದ ಮಾತು ಎಸ್ತರಮ್ಮನ ಆ "ಇನ್ನೂ ಬೆಚ್ಚಗೈತಿ" ಒಂದೇ. ಅದನ್ನು ಯಾರಿಗೂ ಸಾಗಿಸದೆ ಇಟ್ಟುಕೊಂಡಿದ್ದೇನೆ.